ದಶಮಾಂಶದಲ್ಲಿ ಸೋತ ತಟ್ಟೆ ಇಡ್ಲಿ

ನಾನು ಗಣಿತದ ಮೇಷ್ಟ್ರು. ಮುಂದಿನದನ್ನು ಓದಿದ ಮೇಲೆ ನೀವು ನಂಬುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ. ಮನೆ ತುಮಕೂರಿನಲ್ಲಿ, ಸ್ಕೂಲು ಗುಬ್ಬಿಯಲ್ಲಿ. ಬೆಳಿಗ್ಗೆ ರೈಲು ಹತ್ತಿ ಹೋಗಿ, ಮಕ್ಕಳಿಗೆ ದಶಮಾಂಶ ಭಿನ್ನರಾಶಿ ಹೇಳಿಕೊಟ್ಟು, ಸಂಜೆ ರೈಲು ಹತ್ತಿ ವಾಪಸ್ ಬರುವ ಸಾಧು ಮನುಷ್ಯ. ಕೂಡುವ ಲೆಕ್ಕದಲ್ಲಿ ಇದುವರೆಗೆ ಯಾರೂ ನನ್ನ ತಪ್ಪು ಹಿಡಿದಿರಲಿಲ್ಲ. ಹಿಡಿದದ್ದು ಇಡ್ಲಿ!

ನಮ್ಮ ಬಡಾವಣೆಯ ಮಹಿಳಾ ಸಂಘದವರು ವರ್ಷಕ್ಕೊಂದು ಸಲ ತಟ್ಟೆ ಇಡ್ಲಿ ಸ್ಪರ್ಧೆ ಇಡುತ್ತಾರೆ. ಗೆದ್ದವರಿಗೆ ಬೆಳ್ಳಿ ಲೇಪದ ಒಂದು ತಟ್ಟೆ, ಜೊತೆಗೆ ವರ್ಷಪೂರ್ತಿ ಬೀದಿಯಲ್ಲಿ ತಲೆ ಎತ್ತಿಕೊಂಡು ಓಡಾಡುವ ಹಕ್ಕು. ಹೋದ ವರ್ಷ ಒಂದು ಎಡವಟ್ಟಾಗಿತ್ತು. ತೀರ್ಪುಗಾರರು ಹತ್ತಕ್ಕೆ ಅಂಕ ಕೊಡಬೇಕಿತ್ತು. ನಮ್ಮ ಕಡೆ ದಾಕ್ಷಿಣ್ಯ ನಿಮಗೆ ಗೊತ್ತಲ್ಲ, ಇಡ್ಲಿ ತಿಂದು ಆರು ಕೊಡೋಕೆ ಯಾರಿಗೆ ಮನಸ್ಸು ಬರುತ್ತೆ? ಹತ್ತು ಕೊಟ್ಟರೆ ಪಕ್ಕದವರಿಗೆ ಬೇಜಾರು. ಹಾಗಾಗಿ ಎಲ್ಲರೂ ಎಲ್ಲರಿಗೂ ಎಂಟು ಕೊಟ್ಟರು. ಎಲ್ಲರೂ ಫಸ್ಟ್! ಆ ಒಂದು ತಟ್ಟೆ ಸರದಿ ಪ್ರಕಾರ ಮನೆ ಮನೆ ಸುತ್ತಿ, ಯಾರ ಮನೆಯಲ್ಲಿ ಅದರ ಅಂಚು ಬಗ್ಗಿತು ಅನ್ನೋ ವಿಚಾರಣೆ ಇನ್ನೂ ಮುಗಿದಿಲ್ಲ.

ಈ ವರ್ಷ ಸಂಘದ ಅಧ್ಯಕ್ಷೆ ಪ್ರೇಮಕ್ಕ ಹೊಸ ನಿಯಮ ತಂದರು. "ಪಾಯಿಂಟ್ ಲೆಕ್ಕದಲ್ಲಿ ಅಂಕ ಕೊಡಲಿ. ಎಂಟು ಅನ್ನೋದು ಮರ್ಯಾದೆ, ಪಾಯಿಂಟ್ ಅನ್ನೋದು ಸತ್ಯ" ಅಂದರು. ಕೂಡೋರು ಯಾರು ಅನ್ನೋ ಪ್ರಶ್ನೆ ಬಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕನ್ನಡಕ ಸರಿ ಮಾಡಿಕೊಂಡು, "ಪೇಪರು ಪೆನ್ಸಿಲ್ ಎಲ್ಲಾ ಬೇಡ. ಕಂಪ್ಯೂಟರಿನಲ್ಲೇ ಮಾಡ್ತೀನಿ. ಅದಕ್ಕೆ ದಾಕ್ಷಿಣ್ಯ ಗೊತ್ತಿಲ್ಲ" ಅಂದೆ. ಬೇಸಿಗೆ ರಜೆಯಲ್ಲಿ ವಿಡಿಯೋ ನೋಡಿ ಪ್ರೋಗ್ರಾಂ ಬರೆಯೋದು ಕಲಿತಿದ್ದೆ. ಕಲಿತ ವಿದ್ಯೆಯನ್ನು ಯಾರ ಮೇಲೆ ಪ್ರಯೋಗಿಸಲಿ ಅಂತ ಕಾಯುತ್ತಿದ್ದೆ.

ನನ್ನ ಹೆಂಡತಿ ಶೋಭಾ ಆವತ್ತೇ ಹೇಳಿದಳು. "ರೀ, ನಾನೂ ಸ್ಪರ್ಧೆಯಲ್ಲಿ ಇದೀನಿ. ನಿಮಗ್ಯಾಕೆ ಈ ಉಸಾಬರಿ?"

"ಕೂಡೋದು ನಾನಲ್ಲ ಕಣೇ, ಯಂತ್ರ. ಯಂತ್ರಕ್ಕೆ ಹೆಂಡತಿ ಇದಾಳಾ?"

"ಇದ್ದಿದ್ರೆ ಬುದ್ಧಿ ಬರ್ತಿತ್ತು" ಅಂದು ಒಳಗೆ ಹೋದಳು.

ಈಗ ಗಂಗಮ್ಮನವರ ವಿಷಯ ಹೇಳಬೇಕು. ಅವರದು ಗೋಡೆಗೆ ಗೋಡೆ ಅಂಟಿದ ಪಕ್ಕದ ಮನೆ. ಶೋಭಾ ಮದುವೆಯಾಗಿ ಕುಣಿಗಲ್ಲಿನಿಂದ ಇಲ್ಲಿಗೆ ಬಂದಾಗ ಮೊದಲು ಮಾತಾಡಿಸಿದವರು ಅವರೇ. ಅವರ ತವರು ಗುಬ್ಬಿ. ಶೋಭಾಗೆ ಅವರು ಗಂಗಕ್ಕ, ಅವರಿಗೆ ಶೋಭಾ ಒಡಹುಟ್ಟಿದ ತಂಗಿ ಇದ್ದ ಹಾಗೆ. ನಮ್ಮ ಗ್ರೈಂಡರನ್ನು ನಾನು ಒಮ್ಮೆ ಖುದ್ದಾಗಿ ರಿಪೇರಿ ಮಾಡಿದ ಮೇಲೆ ಅದು ತಿರುಗುವುದನ್ನೇ ಬಿಟ್ಟಿದೆ. ಹಾಗಾಗಿ ಅಕ್ಕಿ, ಉದ್ದಿನಬೇಳೆ ನೆನೆ ಹಾಕಿದರೆ ರುಬ್ಬೋದು ಗಂಗಮ್ಮನವರ ಮನೆಯಲ್ಲೇ. ಇಬ್ಬರೂ ಗ್ರೈಂಡರ್ ಮುಂದೆ ಕೂತು ಮಾತಿಗೆ ಶುರು ಮಾಡಿದರೆ, ಹಿಟ್ಟು ನುಣ್ಣಗಾದರೂ ಮಾತು ಮುಗಿಯೋದಿಲ್ಲ. ನನ್ನ ಬೆಳಗಿನ ತಿಂಡಿ, ನನ್ನ ಮನೆಯ ನೆಮ್ಮದಿ, ಹೆಂಡತಿಯ ನಗುಮುಖ ಇಷ್ಟೂ ಆ ಸ್ನೇಹದ ಮೇಲೆ ನಿಂತಿದ್ದವು. ಅದರ ಬುಡಕ್ಕೆ ನಾನು ಲ್ಯಾಪ್‌ಟಾಪ್ ಇಟ್ಟೆ.

ಸ್ಪರ್ಧೆ ನಡೆದದ್ದು ಬಡಾವಣೆಯ ಸಮುದಾಯ ಭವನದಲ್ಲಿ. ತೀರ್ಪುಗಾರರು ಮೂವರು. ಗುಬ್ಬಿಯಿಂದ ಒಬ್ಬರು ನಿವೃತ್ತ ಟೀಚರಮ್ಮ, ನಮ್ಮ ತುಮಕೂರಿನ ಒಬ್ಬ ಅಡುಗೆ ಭಟ್ಟರು, ಕುಣಿಗಲ್ಲಿನ ಒಬ್ಬ ಹೋಟೆಲ್ ಮಾಲೀಕರು. ಅವರು ತಿಂದು ತಿಂದು ಫೋನಿನಲ್ಲಿ ಅಂಕ ಕಳಿಸೋದು, ನಾನು ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳೋದು, ಪ್ರೋಗ್ರಾಂ ಕೂಡಿ ಫಲಿತಾಂಶ ಪ್ರಿಂಟ್ ಮಾಡೋದು. ಇದು ನನ್ನ ಯೋಜನೆ.

ಮೊದಲ ಅಪಶಕುನ ಇಳಿಸುವಾಗಲೇ ಆಯಿತು. ಕುಣಿಗಲ್ ಮಾಲೀಕರು ಚುಕ್ಕಿಯ ಬದಲು ಗೆರೆ ಎಳೆದು 8-3 ಅಂತ ಕಳಿಸಿದ್ದರು. ಕಂಪ್ಯೂಟರು ಅದನ್ನು ತಾರೀಕು ಅಂದುಕೊಂಡು ಮಾರ್ಚ್ ಎಂಟು ಮಾಡಿತು. ಒಂದು ಇಡ್ಲಿಗೆ ಮಾರ್ಚ್ ಎಂಟು ಅಂಕ! ಬುದ್ಧಿ ಇದ್ದವನು ಅಲ್ಲಿಗೇ ಲ್ಯಾಪ್‌ಟಾಪ್ ಮುಚ್ಚಿ ಪೆನ್ಸಿಲ್ ಹುಡುಕುತ್ತಿದ್ದ. ನಾನು ತಾರೀಕುಗಳನ್ನೆಲ್ಲ ವಾಪಸ್ ಅಂಕ ಮಾಡಿ, ಬೆವರು ಒರೆಸಿಕೊಂಡು, ಬಟನ್ ಒತ್ತಿಯೇಬಿಟ್ಟೆ.

ಪ್ರಿಂಟರಿನಿಂದ ಹಾಳೆ ಬಂತು. ಬಂದ ಹಾಳೆಯನ್ನು ಓದಿ ನೋಡದೆ ನೇರ ಮೈಕಿನ ಮುಂದೆ ಹೋದದ್ದು ನನ್ನ ಎರಡನೇ ಸಾಹಸ.

"ಸದರಿ ಸ್ಪರ್ಧೆಯ ಫಲಿತಾಂಶವನ್ನು ಈ ಮೂಲಕ ಪ್ರಕಟಿಸಲಾಗುತ್ತಿದೆ" ಅಂತ ಗಂಟಲು ಸರಿ ಮಾಡಿಕೊಂಡೆ. "ಶ್ರೀಮತಿ ಗಂಗಮ್ಮನವರು, ಇಪ್ಪತ್ನಾಲ್ಕು ಪಾಯಿಂಟ್ ಆರು. ಶ್ರೀಮತಿ ಶೋಭಾ, ಇಪ್ಪತ್ನಾಲ್ಕು ಪಾಯಿಂಟ್ ಐದು ಒಂಬತ್ತು ಒಂಬತ್ತು ಒಂಬತ್ತು ಒಂಬತ್ತು..."

ಹಾಳೆಯಲ್ಲಿ ಇದ್ದದ್ದು 24.599999999999998. ಇದ್ದದ್ದನ್ನು ಇದ್ದ ಹಾಗೆ ಓದೋದು ನನ್ನ ಧರ್ಮ. ಓದುತ್ತಾ ಹೋದೆ. ಒಂಬತ್ತು ಒಂಬತ್ತು ಅಂದ ಹಾಗೆಲ್ಲ ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಲು ಶುರು ಮಾಡಿದರು. ಇಷ್ಟೊಂದು ಒಂಬತ್ತು ಬಂದಿದೆ ಅಂದಮೇಲೆ ಗೆದ್ದ ಹಾಗೇ ಅಲ್ಲವೇ? ಚಪ್ಪಾಳೆ ಇಡೀ ಹಾಲಿಗೆ ಹಬ್ಬಿತು. ಶೋಭಾ ಸೆರಗು ಸರಿ ಮಾಡಿಕೊಂಡು ಎದ್ದು ನಿಂತಳು. ಪಕ್ಕದಲ್ಲೇ ಕೂತಿದ್ದ ಗಂಗಮ್ಮ ಅವಳ ಬೆನ್ನು ತಟ್ಟಿ, "ಹೋಗೇ, ಹೋಗು" ಅಂದದ್ದು ನನ್ನ ಕಣ್ಣಾರೆ ಕಂಡೆ.

"...ಒಂಬತ್ತು ಎಂಟು. ಆದ್ದರಿಂದ ಶೋಭಾ ಎರಡನೇ ಸ್ಥಾನ" ಅಂದೆ.

ಶೋಭಾ ಅರ್ಧ ದಾರಿಗೆ ಬಂದಿದ್ದಳು. ಅಲ್ಲೇ ನಿಂತಳು. ಆಮೇಲೆ ನೀರು ಕುಡಿಯೋಕೆ ಎದ್ದವಳ ಹಾಗೆ ಕ್ಯಾನಿನ ಹತ್ತಿರ ಹೋಗಿ ನೀರು ಕುಡಿದಳು. ಬಾಯಾರಿಕೆ ಇರಲಿಲ್ಲ ಅಂತ ನನಗೆ ಗೊತ್ತು.

ನಾನು ಕೆಳಗೆ ಇಳಿದು ಸಮಾಧಾನ ಮಾಡಲು ಹೋದೆ. ಗಣಿತದ ಮೇಷ್ಟ್ರು ಸಮಾಧಾನ ಮಾಡೋದು ಹೇಗಿರುತ್ತೆ ಅಂದರೆ, "ನೀನು ಸೋತಿರೋದು ಬಹಳ ಕಮ್ಮೀಲಿ ಕಣೇ. ಪಾಯಿಂಟ್ ಆದಮೇಲೆ ಹದಿನಾಲ್ಕು ಸೊನ್ನೆ ಹಾಕಿ ಎರಡು ಬರೆದ್ರೆ ಎಷ್ಟೋ ಅಷ್ಟು. ಒಂದು ಎಳ್ಳಿನ ಕಾಳನ್ನ ಪುಡಿ ಮಾಡಿದ್ರೆ, ಆ ಪುಡಿಗೂ ಇದು ಸಮ ಅಲ್ಲ."

ಅವಳು ಲೋಟ ಕೆಳಗಿಟ್ಟಳು. "ಮೂರು ಜನ ತಾನೇ ಅಂಕ ಕೊಟ್ಟಿದ್ದು? ಈ ಎಳ್ಳಿನ ಪುಡಿ ಕೊಟ್ಟೋರು ಯಾರು?"

ಹೌದಲ್ಲ! ತೀರ್ಪುಗಾರರು ಕೊಟ್ಟದ್ದು ಪಾಯಿಂಟ್ ಆದಮೇಲೆ ಒಂದೇ ಅಂಕಿ. ಈ ಒಂಬತ್ತುಗಳ ಮೆರವಣಿಗೆ ಎಲ್ಲಿಂದ ಬಂತು? ಅಂಗೈ ಮೇಲೆ ಪೆನ್ನಿನಲ್ಲಿ ಬರೆದು ಕೂಡಿದೆ. ಶೋಭಾಗೆ ಗುಬ್ಬಿ ಟೀಚರಮ್ಮ 8.1, ಭಟ್ಟರು 8.2, ಕುಣಿಗಲ್ ಮಾಲೀಕರು 8.3. ಒಟ್ಟು 24.6. ಗಂಗಮ್ಮನವರಿಗೆ ಅದೇ ಸಾಲು ಉಲ್ಟಾ, 8.3, 8.2, 8.1. ಅದೂ 24.6! ಇಬ್ಬರೂ ಸಮ. ನಾಲ್ಕನೇ ಕ್ಲಾಸಿನ ಮಗು ಬೆರಳಲ್ಲಿ ಮಾಡೋ ಲೆಕ್ಕ.

ಇಲ್ಲಿ ನಾನು ಸುಮ್ಮನೆ ಮೈಕ್ ಹಿಡಿದು "ಇಬ್ಬರೂ ಸಮ, ಕ್ಷಮಿಸಿ" ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನನ್ನೊಳಗಿನ ಸಂಶೋಧಕ ಎದ್ದು ಕೂತಿದ್ದ. ಕಾಲಂ ಏನಾದರೂ ತಪ್ಪಾಗಿದೆಯಾ ನೋಡೋಣ ಅಂತ ಸಾಲನ್ನು ತಿರುಗಿಸಿ, ಕುಣಿಗಲ್ ಮೊದಲು, ಗುಬ್ಬಿ ಕೊನೆಗೆ ಇಟ್ಟು ಬಟನ್ ಒತ್ತಿದೆ. ಪ್ರಿಂಟರ್ ಇನ್ನೂ ಆನ್ ಇತ್ತು. ಹಾಳೆ ಗರಗರ ಅಂತ ಹೊರಗೆ ಬಂತು. ಪ್ರೇಮಕ್ಕ ಅದನ್ನು ಕಿತ್ತುಕೊಂಡು ಓದಿದರು.

ಶೋಭಾ, 24.6. ಗಂಗಮ್ಮ, 24.599999999999998!

ಹಾಲಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರು.

"ಏನ್ ಮೇಷ್ಟ್ರೇ ಇದು? ಹೆಂಡ್ತಿ ಹತ್ರ ಹೋಗಿ ಬಂದ ತಕ್ಷಣ ಫಲಿತಾಂಶವೇ ತಿರುಗ್ತಲ್ಲ!"

"ಕುಣಿಗಲ್‌ನೋರ್ನ ಮುಂದೆ ಹಾಕಿದ್ರೆ ಕುಣಿಗಲ್ ಹೆಣ್ಣು ಗೆಲ್ತಾಳೆ, ಗುಬ್ಬಿಯೋರ್ನ ಮುಂದೆ ಹಾಕಿದ್ರೆ ಗುಬ್ಬಿ ಹೆಣ್ಣು ಗೆಲ್ತಾಳೆ. ಇದೇನು ಕಂಪ್ಯೂಟರ್ರೋ ರಾಜಕೀಯವೋ?"

"ಅಯ್ಯೋ, ಇಲ್ಲ ಕಣ್ರೀ! ನಾನು ಬರೀ ಟೆಸ್ಟ್ ಮಾಡ್ದೆ!" ಅಂತ ಕೂಗಿದೆ. ಅಂಥ ಸಮಯದಲ್ಲಿ "ಟೆಸ್ಟ್ ಮಾಡ್ದೆ" ಅನ್ನೋ ಮಾತು ಎಷ್ಟು ಕಳ್ಳತನದ ಮಾತಾಗಿ ಕೇಳುತ್ತೆ ಅಂತ ಆವತ್ತು ತಿಳಿಯಿತು.

ಗಂಗಮ್ಮ ಶೋಭಾಳ ಮುಖ ನೋಡಲಿಲ್ಲ. ತಮ್ಮ ಇಡ್ಲಿ ಪಾತ್ರೆಯನ್ನು ಎತ್ತಿ ಚೀಲಕ್ಕೆ ಹಾಕಿಕೊಳ್ಳತೊಡಗಿದರು. ಹೇಗಾದರೂ ಮಾಡಿ ಇಬ್ಬರನ್ನೂ ಸಮ ಮಾಡಬೇಕು, ಈಗಲೇ ಮಾಡಬೇಕು, ಅವರು ಬಾಗಿಲು ದಾಟೋಕೆ ಮುಂಚೆ ಮಾಡಬೇಕು! ಪಾಯಿಂಟ್ ಇರೋದಕ್ಕೇ ತಾನೇ ಈ ಗಲಾಟೆ? ಪಾಯಿಂಟನ್ನೇ ತೆಗೆದುಬಿಡು ಅಂತ ಪ್ರೋಗ್ರಾಮಿಗೆ ಆಜ್ಞೆ ಕೊಟ್ಟೆ. ಎಲ್ಲರ ಒಟ್ಟು ಅಂಕವನ್ನೂ ಹತ್ತಿರದ ಪೂರ್ಣ ಸಂಖ್ಯೆಗೆ ತರೋದು. ಒತ್ತಿದೆ. ಶೋಭಾ ಇಪ್ಪತ್ತೈದು, ಗಂಗಮ್ಮ ಇಪ್ಪತ್ತೈದು. "ನೋಡಿ, ಸಮ! ಇಬ್ಬರೂ ಸಮ!" ಅಂತ ಹಾಳೆಯನ್ನು ಎತ್ತಿ ತೋರಿಸುತ್ತಾ ಕುಣಿದಾಡಿದೆ.

"ಒಂದ್ನಿಮಿಷ" ಅಂದರು ಪ್ರೇಮಕ್ಕ. ಅವರೂ ಸ್ಪರ್ಧೆಯಲ್ಲಿ ಇದ್ದರು ಅನ್ನೋದು ನನಗೆ ಮರೆತೇಹೋಗಿತ್ತು. "ನಂದು ಇಪ್ಪತ್ನಾಲ್ಕೂವರೆ ಇತ್ತು. ಅರ್ಧ ಬಂದ್ರೆ ಮೇಲಕ್ಕೆ ಅಂತ ನೀವೇ ತಾನೇ ನನ್ನ ಮೊಮ್ಮಗಳಿಗೆ ಹೇಳಿಕೊಟ್ಟಿದ್ದು? ಹಂಗಾದ್ರೆ ನಾನೂ ಇಪ್ಪತ್ತೈದು ಆಗ್ಬೇಕು. ಇಲ್ಲಿ ಇಪ್ಪತ್ನಾಲ್ಕು ಅಂತಿದೆ."

ಹಾಳೆ ನೋಡಿದೆ. ನಿಜ! ಬರೋಬ್ಬರಿ ಅರ್ಧ ಬಂದರೆ ಮೇಲಕ್ಕೂ ಹೋಗಬಹುದು, ಕೆಳಕ್ಕೂ ಇಳಿಯಬಹುದು, ಸಮಸಂಖ್ಯೆ ಯಾವ ಕಡೆ ಇದೆಯೋ ಆ ಕಡೆ ಹೋಗೋದು ಆ ಪ್ರೋಗ್ರಾಮಿನ ಪದ್ಧತಿಯಂತೆ. ಇದು ನನಗೆ ಆಮೇಲೆ ತಿಳಿದ ಜ್ಞಾನ. ಆ ಗಳಿಗೆಯಲ್ಲಿ ನನಗೆ ಗೊತ್ತಿದ್ದದ್ದು ಇಷ್ಟೇ: ಅಧ್ಯಕ್ಷೆಯನ್ನು ತುಂಬಿದ ಸಭೆಯಲ್ಲಿ ಅರ್ಧ ಅಂಕಕ್ಕೆ ಕೆಳಗೆ ತಳ್ಳಿದ್ದೆ. ಇಬ್ಬರನ್ನು ಒಂದು ಮಾಡಲು ಹೋಗಿ ಮೂರನೆಯವರನ್ನೂ ಕಳೆದುಕೊಂಡೆ. ಪ್ರೇಮಕ್ಕ ಬೆಳ್ಳಿ ಲೇಪದ ತಟ್ಟೆಯನ್ನು ಬಗಲಿಗೆ ಹಾಕಿಕೊಂಡು, "ಇದು ಸದ್ಯಕ್ಕೆ ಸಂಘದ ಬೀರುವಿನಲ್ಲೇ ಇರುತ್ತೆ" ಅಂತ ಘೋಷಿಸಿದರು. ಗಂಗಮ್ಮ ಆಗಲೇ ಹೊರಟುಹೋಗಿದ್ದರು.

ಮನೆಗೆ ಬಂದ ಮೇಲೆ ಶೋಭಾ ಅತ್ತಳು. ನಾನು ಮತ್ತೆ ಎಳ್ಳಿನ ಕಾಳಿನ ಉದಾಹರಣೆ ಕೊಡಲು ಬಾಯಿ ತೆರೆದೆ.

"ಸೋತಿದ್ದಕ್ಕೆ ಅಲ್ಲ ರೀ" ಅಂದಳು. "ಗಂಗಕ್ಕ ನನ್ನ ಮುಖ ನೋಡ್ಲಿಲ್ಲ. ನಾನೇ ನಿಮಗೆ ಹೇಳಿ ತಿದ್ದಿಸ್ದೆ ಅಂತ ಅಂದ್ಕೊಂಡಿದಾರೆ. ಈಗ ನಾನು ಹೋಗಿ ಇಲ್ಲ ಅಂದ್ರೂ ಯಾರು ನಂಬ್ತಾರೆ?"

ಲ್ಯಾಪ್‌ಟಾಪನ್ನು ಚೀಲದೊಳಗೆ ತುರುಕಿದೆ.

ಮಾರನೇ ದಿನದಿಂದ ಉಪ್ಪಿಟ್ಟು ಶುರುವಾಯಿತು. ಹಿಟ್ಟು ರುಬ್ಬಬೇಕಾದರೆ ಪಕ್ಕದ ಮನೆಗೆ ಹೋಗಬೇಕು, ಪಕ್ಕದ ಮನೆಗೆ ಹೋಗುವ ಹಾಗಿಲ್ಲ. ಬೆಳಿಗ್ಗೆ ಉಪ್ಪಿಟ್ಟು, ಡಬ್ಬಿಗೆ ಉಪ್ಪಿಟ್ಟು. ಎರಡೂ ಮನೆಯವರೂ ನನ್ನನ್ನೇ ಟಪಾಲು ಮಾಡಿಕೊಂಡರು. "ನಿಮ್ಮ ಮನೆಯೋರ ಜರಡಿ ನಮ್ಮಲ್ಲೇ ಉಳ್ದಿದೆ, ತಗೊಂಡು ಹೋಗೋಕೆ ಹೇಳಿ" ಅಂತ ಗಂಗಮ್ಮ. "ಅವರ ಸ್ಟೀಲ್ ಬೋಸಿ ಇಲ್ಲಿದೆ, ಕೊಟ್ಟು ಬನ್ನಿ" ಅಂತ ಶೋಭಾ. ಒಂದೊಂದೇ ಪಾತ್ರೆ ತನ್ನ ತನ್ನ ಮನೆಗೆ ವಾಪಸ್ ಹೋಗುವಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಯಾವ ಪಾತ್ರೆ ಯಾರದು ಅಂತ ಕೇಳುವ ಪರಿಸ್ಥಿತಿ ಆ ಎರಡು ಅಡುಗೆಮನೆಗಳಲ್ಲಿ ಯಾವತ್ತೂ ಬಂದಿರಲಿಲ್ಲ.

ಗುಬ್ಬಿ ರೈಲಿನಲ್ಲಿ ನಮ್ಮ ಸ್ಕೂಲಿನ ಕಂಪ್ಯೂಟರ್ ಮೇಷ್ಟ್ರು ಮಂಜುನಾಥನ ಮುಂದೆ ಸಂಕಟ ತೋಡಿಕೊಂಡೆ. ಅವನು ನನ್ನ ಡಬ್ಬಿಯ ಉಪ್ಪಿಟ್ಟು ತಿನ್ನುತ್ತಾ ನಕ್ಕ.

"ಸಾರ್, ಒಂದನ್ನ ಮೂರರಿಂದ ಭಾಗಿಸಿ ದಶಮಾಂಶದಲ್ಲಿ ಪೂರ್ತಿ ಬರೀರಿ ನೋಡೋಣ."

"ಬರೆಯೋಕೆ ಆಗಲ್ಲ ಕಣೋ. ಮೂರು ಮೂರು ಮೂರು ಅಂತ ಹೋಗ್ತಾನೇ ಇರುತ್ತೆ. ಎಲ್ಲೋ ಒಂದ್ ಕಡೆ ನಿಲ್ಲಿಸ್ಬೇಕು."

"ಕಂಪ್ಯೂಟರಿಗೆ ಎಂಟು ಪಾಯಿಂಟ್ ಒಂದೂ ಹಂಗೇನೇ. ಅದು ಸೊನ್ನೆ, ಒಂದು ಅಂತ ಎರಡರ ಲೆಕ್ಕದಲ್ಲಿ ಬರ್ಕೊಳ್ಳುತ್ತೆ. ಪೂರ್ತಿ ಹಿಡಿಯಲ್ಲ, ಹತ್ತಿರದ್ದು ಒಂದು ಇಟ್ಕೊಳ್ಳುತ್ತೆ. ಕೂಡಿದಾಗ್ಲೆಲ್ಲ ಚೂರು ಹೆಚ್ಚುಕಮ್ಮಿ. ಯಾವ್ದು ಮೊದಲು ಕೂಡ್ತೀರಿ ಅನ್ನೋದ್ರ ಮೇಲೆ ಆ ಚೂರು ಬದಲಾಗುತ್ತೆ. ಅದಕ್ಕೇ ಪ್ರಿಂಟ್ ಮಾಡುವಾಗ ಪಾಯಿಂಟ್ ಆದ್ಮೇಲೆ ಒಂದೇ ಅಂಕಿಗೆ ನಿಲ್ಸು ಅಂತ ಹೇಳ್ಬೇಕು. ಹೇಳಿದ್ರಾ?"

ಹೇಳಿರಲಿಲ್ಲ. ಪಾಯಿಂಟ್ ಒಂದೂ ಇಲ್ಲದ ಹಾಗೆ ಕಿತ್ತುಹಾಕು ಅಂದಿದ್ದೆ, ಎಲ್ಲಾ ಇರಲಿ ಅಂದಿದ್ದೆ, ನಡುವೆ ಒಂದಕ್ಕೆ ನಿಲ್ಲು ಅನ್ನೋದು ಮಾತ್ರ ಹೊಳೆದಿರಲಿಲ್ಲ. ಮೂರನೇ ಒಂದು ಭಾಗದ ಪಾಠ ಅದೆಷ್ಟು ಸಲ ಮಾಡಿದ್ದೇನೋ! ಬೋರ್ಡಿಗೆ ಬೆನ್ನು ಹಾಕಿ ಪಾಠ ಮಾಡಿದ್ದಕ್ಕೇ ಇರಬೇಕು, ನನಗೊಬ್ಬನಿಗೆ ಹತ್ತಿರಲಿಲ್ಲ.

ಸಂಜೆ ರೈಲು ಇಳಿದವನೇ ಮನೆಗೂ ಹೋಗದೆ, ಶೋಭಾಳಿಗೂ ಹೇಳದೆ, ಲ್ಯಾಪ್‌ಟಾಪ್ ಸಮೇತ ಗಂಗಮ್ಮನವರ ಬಾಗಿಲಿಗೆ ಹೋಗಿ ನಿಂತೆ. ಅವರು ಸೊಪ್ಪು ಬಿಡಿಸುತ್ತಾ ಕೂತಿದ್ದರು. "ಬನ್ನಿ" ಅಂದರು, ಕೂತ್ಕೊಳ್ಳಿ ಅನ್ನಲಿಲ್ಲ. ಗಂಗಮ್ಮನವರ ಮನೆಯಲ್ಲಿ ನಿಂತುಕೊಂಡು ಮಾತಾಡಿದ್ದು ಅದೇ ಮೊದಲು.

ನಾನು ಹಾಳೆ ತೆಗೆದು ಎರಡರ ಲೆಕ್ಕ, ಹತ್ತರ ಲೆಕ್ಕ ಅಂತ ವಿವರಿಸಲು ಶುರು ಮಾಡಿದೆ. ಅವರು ಕೈ ತೋರಿಸಿ ನಿಲ್ಲಿಸಿದರು.

"ಅಂಕ ತಗೊಂಡು ನಾನೇನ್ ಮಾಡ್ಲಿ ಮೇಷ್ಟ್ರೇ? ಶೋಭಾ ಗೆದ್ದಿದ್ರೆ ಎಲ್ಲರಿಗಿಂತ ಜೋರಾಗಿ ನಾನೇ ಚಪ್ಪಾಳೆ ಹೊಡೀತಿದ್ದೆ. ಆದ್ರೆ ಅವಳು ನಿಮ್ ಕಿವೀಲಿ ಏನೋ ಹೇಳಿದ್ಲು, ನೀವು ಹೋಗಿ ಉಲ್ಟಾ ಮಾಡ್ಬಿಟ್ರಿ. ನನ್ ಹತ್ರ ಬಂದು ಗಂಗಕ್ಕ, ತಟ್ಟೆ ನನಗೆ ಬೇಕು ಅಂದಿದ್ರೆ ನಾನು ಕೊಡ್ತಿರ್ಲಿಲ್ವಾ?" ಅವರು ಸೊಪ್ಪಿನ ದಂಟೊಂದನ್ನು ಪಟ್ಟನೆ ಮುರಿದರು. "ಅಷ್ಟೂ ನಂಬಿಕೆ ಇಲ್ವಾ ನನ್ ಮೇಲೆ?"

"ಅಮ್ಮಾ, ಅವಳು ಹೇಳಿದ್ದು ಎಳ್ಳಿನ ಪುಡಿ ಕೊಟ್ಟೋರು ಯಾರು ಅಂತ. ಅಷ್ಟೇ! ಉಲ್ಟಾ ಮಾಡಿದ್ದು ನಾನು. ಅವಳು ಮೂರು ದಿನದಿಂದ ನೆಟ್ಟಗೆ ಊಟ ಮಾಡ್ತಿಲ್ಲ. ಸೋತಿದ್ದಕ್ಕಲ್ಲ, ನೀವು ಮುಖ ತಿರುಗಿಸಿದ್ದಕ್ಕೆ."

ಸೊಪ್ಪು ಬಿಡಿಸೋ ಕೈ ನಿಂತಿತು. ಆಗ ಲ್ಯಾಪ್‌ಟಾಪ್ ತೆರೆದು ಅವರ ಕಣ್ಣೆದುರೇ ಗುಬ್ಬಿ ಮುಂದೆ ಇಟ್ಟು ಒತ್ತಿದೆ, ಕುಣಿಗಲ್ ಮುಂದೆ ಇಟ್ಟು ಒತ್ತಿದೆ. ಗೆಲುವು ಆ ಕಡೆ ಈ ಕಡೆ ಓಡಾಡಿತು. ಅವರೂ ಒಂದು ಸಲ ಬೆರಳಿಟ್ಟು ಒತ್ತಿದರು. ತಾವೇ ಸೋತದ್ದನ್ನು ನೋಡಿ ಅವರ ತುಟಿ ಅಂಚಿನಲ್ಲಿ ನಗು ಬಂತು.

"ಹಂಗಾದ್ರೆ ಇದು ನಿಮ್ಮ ತಪ್ಪು."

"ನನ್ನದೇ."

"ಪೂರ್ತಿ?"

"ಪೂರ್ತಿ."

"ಪಾಯಿಂಟ್ ಗೀಯಿಂಟ್ ಏನೂ ಬಿಡದೆ?"

"ಒಂದು ಪಾಯಿಂಟೂ ಬಿಡದೆ ನನ್ನದೇ ತಾಯಿ."

"ಕೂತ್ಕೊಳ್ಳಿ, ಕಾಫಿ ಮಾಡ್ತೀನಿ" ಅಂದರು. ಕಾಫಿ ಮಾಡಲಿಲ್ಲ. ಹಿತ್ತಲ ಬಾಗಿಲಿನಿಂದ ಸರಸರ ನಮ್ಮ ಮನೆಗೆ ಹೋದರು. ಗೋಡೆಯಾಚೆ ಮೊದಲು ಅಳು ಕೇಳಿಸಿತು, ಆಮೇಲೆ ಮಾತು, ಆಮೇಲೆ ನಗು. ನಗುವಿನ ನಡುವೆ ನನ್ನ ಹೆಸರು ಬಹಳ ಸಲ ಬಂತು. ನಾನು ಅರ್ಧ ಬಿಡಿಸಿದ ಸೊಪ್ಪನ್ನು ಪೂರ್ತಿ ಬಿಡಿಸಿ ಮುಗಿಸಿದೆ.

ಮರುದಿನ ಭಾನುವಾರ. ಹಲ್ಲುಜ್ಜಿ ಬರೋಷ್ಟರಲ್ಲಿ ಊಟದ ಮೇಜಿನ ಮೇಲೆ ಎರಡು ತಟ್ಟೆ, ಎರಡರಲ್ಲೂ ಹೊಗೆಯಾಡುವ ತಟ್ಟೆ ಇಡ್ಲಿ. ಎದುರಿಗೆ ಶೋಭಾ, ಗಂಗಮ್ಮ, ಇಬ್ಬರೂ ಕೈ ಕಟ್ಟಿಕೊಂಡು ಗಂಭೀರವಾಗಿ ಕೂತಿದ್ದರು.

"ಈ ಕಡೇದು ನಂದು, ಆ ಕಡೇದು ಗಂಗಕ್ಕನದು" ಅಂದಳು ಶೋಭಾ. "ಯಂತ್ರ ಬೇಡ. ನೀವೇ ತಿಂದು ನೀವೇ ಹೇಳಿ. ಇವತ್ತಿಗೆ ಇದು ಇತ್ಯರ್ಥ ಆಗ್ಲಿ."

ಎಷ್ಟು ದಿನದ ಮೇಲೆ ಇಡ್ಲಿ! ಆದರೆ ನನಗೆ ಅಪಾಯ ಗೊತ್ತಿತ್ತು. ಒಂದು ಮಾತು ಹೆಚ್ಚುಕಮ್ಮಿಯಾದರೆ ಮತ್ತೆ ಉಪ್ಪಿಟ್ಟು. ಕಣ್ಣು ಮುಚ್ಚಿ ಒಂದೊಂದು ತುಂಡು ಮುರಿದು, ಬಾಯಲ್ಲಿ ಹೊರಳಾಡಿಸಿ, ಬಹಳ ಯೋಚಿಸಿದೆ.

"ಗಂಗಮ್ಮನವರ ಇಡ್ಲಿಯಲ್ಲಿ ಹದ ಇದೆ. ಅನುಭವದ ಕೈ ಅಂದ್ರೆ ಇದು. ಶೋಭಾಳ ಇಡ್ಲಿಯಲ್ಲಿ ಮೃದುತ್ವ ಇದೆ, ಬಾಯಲ್ಲಿಟ್ರೆ ಕರಗುತ್ತೆ. ಉದ್ದಿನಬೇಳೆ ಅವರದಕ್ಕಿಂತ ಒಂದು ಚಿಟಿಕೆ ಮುಂದೆ. ಹುಳಿ ಅವರದು ಒಂದು ಕೂದಲೆಳೆಯಷ್ಟು ಮೇಲು. ಅಂಕ ಕೊಡೋದಾದ್ರೆ..." ಇಲ್ಲಿ ದಾಕ್ಷಿಣ್ಯ ನನ್ನ ಕೈ ಹಿಡಿಯಿತು. "ಇವಳಿಗೆ ಎಂಟು ಪಾಯಿಂಟ್ ಎರಡು. ಅವರಿಗೆ ಎಂಟು ಪಾಯಿಂಟ್ ಮೂರು. ಆದ್ರೆ ಮೃದುತ್ವಕ್ಕೆ ಅಂತ ಇವಳಿಗೆ ಇನ್ನೂ ಪಾಯಿಂಟ್ ಒಂದು. ಅಲ್ಲಿಗೆ ಇಬ್ಬರೂ ಸಮ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಗಂಗಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದರು. ಶೋಭಾ ಮೇಜಿನ ಕೆಳಗಿನಿಂದ ಬಾಳೆ ಎಲೆ ಸುತ್ತಿದ ಹೋಟೆಲ್ ಪಾರ್ಸೆಲ್ ತೆಗೆದು ಮೇಜಿನ ಮೇಲಿಟ್ಟಳು.

"ನಿನ್ನೆ ಅಕ್ಕಿ ನೆನೆಹಾಕೋಕೆ ಯಾರಿಗೆ ಪುರುಸೊತ್ತಿತ್ತು ಮೇಷ್ಟ್ರೇ? ರಾತ್ರಿಯೆಲ್ಲ ಮಾತಾಡ್ತಾ ಕೂತ್ವಿ" ಅಂದರು ಗಂಗಮ್ಮ. "ಎರಡೂ ಒಂದೇ ಪೊಟ್ಟಣದ್ದು."

ಆ ನಗುವನ್ನು ನಾನು ಇಲ್ಲಿ ಬರೆಯಲಾರೆ. ಅಷ್ಟು ನಕ್ಕದ್ದು ಕಂಡು ನನಗೂ ಮನಸ್ಸು ಹಗುರಾಯಿತು, ಒಳ್ಳೆ ನಾಚಿಕೆಯೂ ಆಯಿತು. ಶೋಭಾ ಕಣ್ಣೀರು ಒರೆಸಿಕೊಂಡು, "ಪಾಪ, ಆ ಕಂಪ್ಯೂಟರ್‌ದೇನೂ ತಪ್ಪಿಲ್ಲ ಬಿಡಿ ಗಂಗಕ್ಕ. ಅದು ಇವರನ್ನ ನೋಡೇ ಕಲ್ತಿರೋದು" ಅಂದಳು.

ನಾನು ತಲೆ ತಗ್ಗಿಸಿ ಎರಡೂ ತಟ್ಟೆ ಖಾಲಿ ಮಾಡಿ, ಇನ್ನೊಂದು ಇಡ್ಲಿ ಹಾಕಿಸಿಕೊಂಡೆ.